ಎದುರು ದಡದ ದೀಪಗಳು

"ಬಲಗಾಲು ಅಳೀಬೇಕಿತ್ತು ಕಣ್ಲಾ! ಎಡಗಾಲು ಅಳ್ಕಂಡು ಬಂದಿದ್ದೀಯಲ್ಲೋ!"

ಗುಂಡಿಯ ದಂಡೆಯಲ್ಲಿ ನಿಂತು ಜಯದೇವಪ್ಪ ಕೂಗಿದ. ಎದೆಮಟ್ಟ ಇಳಿದಿದ್ದ ಉಮೇಶ ಹಾರೆ ಒರಗಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅಳತೆಯ ತೆಂಗಿನ ಗರಿಯ ತುಂಡನ್ನು ಹೊರತೆಗೆದು, ತಪ್ಪೆಲ್ಲ ಅದರದೇ ಎಂಬಂತೆ ತಿರುಗಿಸಿ ನೋಡಿದ.

"ಬಟ್ಟೆಯಿಂದ ಆಚೆಗೆ ಅದೊಂದೇ ಕಾಲು ಕಾಣ್ತಿತ್ತು ಯಜಮಾನ್ರೇ. ಕಾಲು ಅಂದ್ರೆ ಕಾಲಲ್ವಾ?"

"ಆ ಕಾಲಿಗೆ ಬೆರಳೇ ಇರ್ಲಿಲ್ಲವಲ್ಲೋ ಮಾರಾಯ!"

ಕಣಕಟ್ಟೆ ಕಡೆಯ ಈ ಮನೆತನದಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಗುಂಡಿಗೆ ಟೇಪಿನ ಅಳತೆ ಇಲ್ಲ, ಹೋದವರ ಪಾದವೇ ಅಳತೆ. ಒಂಬತ್ತು ಪಾದ ಉದ್ದ, ಒಂಬತ್ತು ಪಾದ ಅಗಲ, ಒಂಬತ್ತು ಪಾದ ಆಳ. ರೇವಣಸಿದ್ದಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ಲ್ಯಾಂಪ್‌ಮನ್ ಆಗಿದ್ದವನು. ಸಂಜೆಯಾದರೆ ಸಿಗ್ನಲ್ ಕಂಬಗಳನ್ನು ಹತ್ತಿ ಸೀಮೆಎಣ್ಣೆ ದೀಪ ಇಟ್ಟು ಬರುವ ಕೆಲಸ. ಒಮ್ಮೆ ಏಣಿ ಜಾರಿ, ದೀಪದ ಪೆಟ್ಟಿಗೆ ಬಿದ್ದು, ಎಡಗಾಲಿನ ಬೆರಳುಗಳೆಲ್ಲ ಹೋಗಿದ್ದವು. ಎರಡು ಅಂಗುಲ ಗಿಡ್ಡ ಕಾಲು. ಒಂಬತ್ತರಿಂದ ಗುಣಿಸಿದರೆ ಒಂದೂವರೆ ಅಡಿ. ಮೂರು ದಿಕ್ಕಿಗೂ ಒಂದೂವರೆ ಅಡಿ ಅಗೆಯುವುದೆಂದರೆ ಇನ್ನೊಂದೂವರೆ ಎರಡು ಗಂಟೆಯ ಕೆಲಸ.

"ಹೊತ್ತು ಮುಳುಗೋದ್ರೊಳಗೆ ಆಗ್ಬೇಕು," ಎಂದು ಜಯದೇವಪ್ಪ ಗಡಿಯಾರ ನೋಡಿಕೊಂಡು ಗೊಣಗಿದ. ಹೋದವನು ಸ್ವಂತ ಅಣ್ಣ. ದುಃಖ ಅವನಿಗೆ ಯಾವಾಗಲೂ ಸಿಟ್ಟಿನ ವೇಷದಲ್ಲಿಯೇ ಬರುತ್ತದೆ.

ಆ ತೋಟದಲ್ಲಿ ಈ ತಡದ ಸುದ್ದಿ ಕೇಳಿ ನಿರಾಳವಾಗಿ ಉಸಿರು ಬಿಟ್ಟವಳು ಒಬ್ಬಳೇ, ರೇವಣಸಿದ್ದಪ್ಪನ ಮಗಳು ಅರುಣಾ. ಹಳೇಬೀಡಿನ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಮನೆಯ ಜಗಲಿಯಲ್ಲಿ ಅಪ್ಪನನ್ನು ಕೂರಿಸಿದ್ದ ಕುರ್ಚಿಯ ಪಕ್ಕದಲ್ಲೇ ನೆಲದ ಮೇಲೆ ಕುಳಿತು, ಬೆಳಗಿನಿಂದ ಒಂದು ನೋಟ್‌ಬುಕ್ ಓದುತ್ತಿದ್ದಳು. ಬಂದವರು, ಪಾಪ ತಂದೆಯ ಕೈಬರಹ ನೋಡಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡು ಹಿಂದೆ ಸರಿಯುತ್ತಿದ್ದರು. ಅವಳು ಮಾಡುತ್ತಿದ್ದುದು ಪೇಪರ್ ವ್ಯಾಲ್ಯುಯೇಷನ್.

ಬೆಳಿಗ್ಗೆ ಅವಳು ಬಂದು ಅತ್ತು ಮುಗಿಸುವುದನ್ನೇ ಕಾದಿದ್ದು ತಾಯಿ ವಿಶಾಲಮ್ಮ ಆ ಪುಸ್ತಕವನ್ನು ತಂದು ಕೊಟ್ಟಿದ್ದಳು.

"ಹೋದ ತಿಂಗಳು ನಿಮ್ಮಪ್ಪ ಹೇಳಿದ್ರು. ನನಗೇನಾದ್ರೂ ಆದ್ರೆ ಇದನ್ನ ಅರುಣಾಗೆ ತೋರ್ಸು. ತಪ್ಪಿದ್ರೆ ನನ್ ಜೊತೇಲೇ ಮುಚ್ಚಾಕಿ. ಸರಿಯಿದ್ರೆ ಅವಳ ಹತ್ರ ಇರ್ಲಿ ಅಂತ."

"ಬದುಕಿದ್ದಾಗಲೇ ಯಾಕೆ ತೋರಿಸಲಿಲ್ಲಮ್ಮ?"

"ನೀನು ಭಾಳ ಸ್ಟ್ರಿಕ್ಟು ಅಂತ."

*

ಮೂವತ್ತೈದು ವರ್ಷದ ಹಿಂದೆ ಅರುಣಾ ಅರಸೀಕೆರೆಯಲ್ಲಿ ಪಿಯುಸಿ ಓದುತ್ತಿದ್ದಳು. ಒಂದು ಸಂಜೆ ಕ್ವಾರ್ಟರ್ಸಿನ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಮೊದಲು ಅಪ್ಪನಿಗೆ ಹೇಳಿದ್ದಳು: "ಅಪ್ಪಾ, ಒಂದಕ್ಕೆ ಕಾಲು ಸೇರಿಸು. ಅದಕ್ಕೆ ಒಂಬತ್ತರಲ್ಲೊಂದು, ಹದಿನಾರರಲ್ಲೊಂದು, ಇಪ್ಪತ್ತೈದರಲ್ಲೊಂದು. ಹೀಗೇ ಮುಗಿಯದ ಹಾಗೆ ಸೇರಿಸ್ತಾ ಹೋದ್ರೆ ಎಷ್ಟಾಗುತ್ತೆ ಗೊತ್ತಾ? ಪೈನ ವರ್ಗ ಭಾಗಿಸು ಆರು!"

ರೇವಣಸಿದ್ದಪ್ಪ ದೀಪದ ಗಾಜು ಒರೆಸುತ್ತಿದ್ದ. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದವನಿಗೆ ಪೈ ಗೊತ್ತಿತ್ತು.

"ಪೈ ಅಂದ್ರೆ ವೃತ್ತದ್ದಲ್ವಾ?"

"ಹೂಂ."

"ನೀನು ಬರೀ ಸಂಖ್ಯೆ ಕೂಡಿಸಿದ್ದು. ವೃತ್ತ ಎಲ್ಲಿಂದ ಬಂತು?"

ಅರುಣಾಳಿಗೆ ಉತ್ತರ ಗೊತ್ತಿರಲಿಲ್ಲ. ಅದನ್ನು ಸಾಧಿಸುವುದಕ್ಕೆ ದೊಡ್ಡ ದೊಡ್ಡ ಗಣಿತ ಬೇಕು, ನಿಮಗೆ ಈಗಲೇ ಬೇಡ ಎಂದಿದ್ದರು ಲೆಕ್ಚರರು. ಅವಳೂ ಅದನ್ನೇ ಅಪ್ಪನಿಗೆ ಒಪ್ಪಿಸಿದಳು. ಅವನು ಗಾಜು ಒರೆಸುವುದನ್ನು ನಿಲ್ಲಿಸಿಬಿಟ್ಟ. ಆ ದಿನ ಡ್ಯೂಟಿಗೆ ಹತ್ತು ನಿಮಿಷ ತಡವಾಗಿ ಹೋದ. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅದೇ ಮೊದಲು.

*

ನೋಟ್‌ಬುಕ್ಕಿನ ಮೊದಲ ಪುಟ ಹೀಗಿತ್ತು: "ನಾನು ಹಳಿಯ ಪಕ್ಕದಲ್ಲಿ ನಿಂತಿದ್ದೇನೆ. ಒಂದೊಂದು ಫರ್ಲಾಂಗಿಗೆ ಒಂದೊಂದು ದೀಪ. ಒಂದೇ ಬತ್ತಿ, ಒಂದೇ ಎಣ್ಣೆ. ಮೊದಲ ದೀಪದಿಂದ ನನಗೆ ಬರುವ ಬೆಳಕು ಒಂದು. ಎರಡು ಪಟ್ಟು ದೂರದ್ದರಿಂದ ಅರ್ಧವಲ್ಲ, ಕಾಲು. ಇದು ನಮ್ಮ ಕೆಲಸದವರಿಗೆಲ್ಲ ಗೊತ್ತು. ಮೂರನೆಯದರಿಂದ ಒಂಬತ್ತರಲ್ಲಿ ಒಂದು. ಎಲ್ಲ ಸೇರಿ ಎಷ್ಟು ಬೆಳಕು? ಇದೇ ಅರುಣಾಳ ಲೆಕ್ಕ."

ಅರುಣಾ ಆ ಸಾಲನ್ನು ಎರಡು ಸಲ ಓದಿದಳು. ಸಾವಿರಾರು ಮಕ್ಕಳಿಗೆ ಶ್ರೇಣಿ ಪಾಠ ಮಾಡಿದ್ದಾಳೆ. ಆ ಭಿನ್ನರಾಶಿಗಳು ಹಳಿಯುದ್ದಕ್ಕೂ ಸಾಲಾಗಿ ಉರಿಯುತ್ತಿರಬಹುದೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಎರಡನೆಯ ಪುಟಕ್ಕೆ ಅಪ್ಪ ಹಳಿ ಬಿಟ್ಟು ಕೆರೆಗೆ ಇಳಿದಿದ್ದ. ಹಳೇಬೀಡಿಗೆ ಮಗಳ ಮನೆಗೆ ಬಂದಾಗಲೆಲ್ಲ ಸಂಜೆ ಕೆರೆ ಏರಿಯ ಮೇಲೆ ಒಬ್ಬನೇ ನಡೆಯುತ್ತಿದ್ದುದು ಇದಕ್ಕೇ ಇರಬೇಕು. "ದುಂಡನೆಯ ಕೆರೆ ಎಂದಿಟ್ಟುಕೊಳ್ಳಿ. ಏರಿಯ ಸುತ್ತಳತೆ ಎರಡು ಫರ್ಲಾಂಗು. ಈ ದಡದಲ್ಲಿ ನಾನು, ಸರಿಯಾಗಿ ಎದುರು ದಡದಲ್ಲಿ ಒಂದೇ ದೀಪ." ಸುತ್ತಳತೆಯಿಂದ ಅಡ್ಡಳತೆಗೆ ಬರುವಾಗ ಪೈ ಬರಲೇಬೇಕು. ಲೆಕ್ಕ ಮಾಡಿದರೆ ಆ ಒಂದು ದೀಪದ ಬೆಳಕು ಪೈ ವರ್ಗದ ಕಾಲು ಭಾಗ.

"ಇಲ್ಲಿಂದ ಬಂತಾ!" ಎಂದಳು ಅರುಣಾ, ಸ್ವಲ್ಪ ಜೋರಾಗಿಯೇ. ಎದುರಿಗೆ ಕುಳಿತಿದ್ದ ಹೆಂಗಸರು ಅವಳತ್ತ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮುಂದಿನ ಪುಟದಲ್ಲಿ ಒಂದು ಲಂಬಕೋನ ತ್ರಿಭುಜ. ಲಂಬಕೋನದ ಮೂಲೆಯಲ್ಲಿ ಅಪ್ಪ. ಎದುರಿನ ಉದ್ದನೆಯ ಬಾಹುವಿನ ಎರಡು ತುದಿಗಳಲ್ಲಿ ಎರಡು ದೀಪ. ಅಪ್ಪನಿಂದ ಆ ಬಾಹುವಿಗೆ ಎಳೆದ ಲಂಬದ ಬುಡದಲ್ಲಿ ಇನ್ನೊಂದು. ತುದಿಯ ಎರಡು ದೀಪ ಸೇರಿ ಕೊಡುವ ಬೆಳಕು, ಬುಡದ ಒಂದೇ ದೀಪದ ಬೆಳಕಿಗೆ ಸಮ! ವಿಸ್ತೀರ್ಣವನ್ನು ಎರಡು ರೀತಿ ಬರೆದು ಪೈಥಾಗೊರಸ್ ಪ್ರಮೇಯ ಹಚ್ಚಿದರೆ ನಾಲ್ಕೇ ಸಾಲಿಗೆ ಸಾಧನೆ ಮುಗಿಯುತ್ತಿತ್ತು. ಹತ್ತನೇ ಕ್ಲಾಸಿನ ಹುಡುಗರು ಮಾಡಬಹುದಾದದ್ದು.

ಆಮೇಲೆ ಅಪ್ಪ ಕೆರೆಯನ್ನು ಎರಡು ಪಟ್ಟು ದೊಡ್ಡದು ಮಾಡುತ್ತಾನೆ. ತಾನು ನಿಂತ ಜಾಗ ಮಾತ್ರ ಬದಲಾಗುವುದಿಲ್ಲ. ಹಳೆಯ ಕೆರೆಯ ಎದುರು ದಡವೇ ಹೊಸ ಕೆರೆಯ ನಡುಮಧ್ಯ. ಅಲ್ಲಿನ ಒಂದು ದೀಪ ಆರಿಸಿ, ಹೊಸ ಏರಿಯ ಮೇಲೆ ಎಡಕ್ಕೊಂದು ಬಲಕ್ಕೊಂದು ಹಚ್ಚುತ್ತಾನೆ. ತ್ರಿಭುಜದ ಲೆಕ್ಕದಂತೆ ಬೆಳಕು ಒಂದು ಚೂರೂ ಬದಲಾಗದು. ಇನ್ನೂ ದೊಡ್ಡ ಕೆರೆ, ನಾಲ್ಕು ದೀಪ. ಇನ್ನೂ ದೊಡ್ಡದು, ಎಂಟು. ಏರಿಯ ಮೇಲೆ ಅವು ಸರಿಯಾಗಿ ಒಂದನೇ, ಮೂರನೇ, ಐದನೇ, ಏಳನೇ ಫರ್ಲಾಂಗಿನಲ್ಲಿ ಕೂರುತ್ತವೆ. ಕೊನೆಗೆ, "ಕೆರೆ ಹಿಗ್ಗಿ ಹಿಗ್ಗಿ ಏರಿ ನೆಟ್ಟಗಾಗಿ ಹಳಿಯೇ ಆಗುತ್ತದೆ." ಎರಡೂ ಕಡೆ ಬೆಸ ಸಂಖ್ಯೆಯ ಫರ್ಲಾಂಗಿನ ದೀಪಗಳು, ಒಟ್ಟು ಬೆಳಕು ಅದೇ, ಪೈ ವರ್ಗದ ಕಾಲು. ಒಂದು ಕಡೆಯದು ಅದರರ್ಧ. ಸರಿ ಸಂಖ್ಯೆಯ ದೀಪಗಳೆಲ್ಲ ಸೇರಿ ಇಡೀ ಸಾಲಿನ ಕಾಲು ಭಾಗವಾದ್ದರಿಂದ, ಬೆಸದವು ಮುಕ್ಕಾಲು. ಆ ಮುಕ್ಕಾಲು ಪೈ ವರ್ಗದ ಎಂಟರಲ್ಲೊಂದು ಭಾಗವಾದರೆ ಪೂರ್ತಿಯದು ಆರರಲ್ಲೊಂದು ಭಾಗ.

ಕೆಳಗೆ ಎರಡು ಗೆರೆ ಎಳೆದು, "ಇತಿ ಸಾಧಿಸಿದೆ" ಎಂದು ಬರೆದಿತ್ತು.

ಅರುಣಾಳ ಕೈ ಅಲ್ಲೇ ನಿಂತಿತು. ಇಪ್ಪತ್ತೆಂಟು ವರ್ಷ ಉತ್ತರಪತ್ರಿಕೆ ತಿದ್ದಿದ ಕಣ್ಣು ಹಿಂದಕ್ಕೆ ಹೋಗಿ ಒಂದು ಸಾಲಿನ ಮೇಲೆ ಕೂತಿತು. ಕೆರೆ ಹಿಗ್ಗಿದರೆ ಹತ್ತಿರದ ಏರಿ ನೆಟ್ಟಗಾಗುತ್ತದೆ, ಒಪ್ಪೋಣ. ಆದರೆ ಎದುರು ದಡ? ಕೆರೆ ಎಷ್ಟೇ ದೊಡ್ಡದಾಗಲಿ, ಅರ್ಧದಷ್ಟು ದೀಪಗಳು ಆಚೆ ದಡದಲ್ಲೇ ಇರುತ್ತವೆ. ಪ್ರತಿ ಸಲವೂ ಅವುಗಳ ಸಂಖ್ಯೆ ಎರಡು ಪಟ್ಟಾಗುತ್ತದೆ. ಅವು ಕೊಡುವ ಬೆಳಕನ್ನು ಅಪ್ಪ ಯಾವ ಧೈರ್ಯದ ಮೇಲೆ ಕೈಬಿಟ್ಟ? ಅದಕ್ಕೆ ಒಂದು ಸಾಲಿನ ಸಮಜಾಯಿಷಿಯೂ ಇಲ್ಲ. ಪರೀಕ್ಷೆಯಲ್ಲಾದರೆ ಎರಡು ಅಂಕ ಕಡಿಯುತ್ತಿದ್ದಳು.

ಆಗ ಅವಳ ಒಳಗೆ ಒಂದು ಸಣ್ಣ ನೆಮ್ಮದಿ ಎದ್ದಿತು. ತಪ್ಪಿದೆ! ಹಾಗಾದರೆ ಅವತ್ತು ನಾನು ನಕ್ಕಿದ್ದು ಅಷ್ಟೇನೂ ತಪ್ಪಲ್ಲ. ಮರುಕ್ಷಣವೇ ಅಪ್ಪನ ವಿಭೂತಿ ಬಳಿದ ಮುಖ ನೋಡಿ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

*

ಅವತ್ತು ಎಂದರೆ ಹದಿನೆಂಟು ವರ್ಷದ ಹಿಂದೆ, ರೇವಣಸಿದ್ದಪ್ಪ ರಿಟೈರಾದ ವರ್ಷ. ಹಳೇಬೀಡಿನ ಸ್ಕೂಲಿಗೆ ಹೇಳದೆ ಕೇಳದೆ ಬಂದವನು ಸ್ಟಾಫ್ ರೂಮಿನಲ್ಲಿ ಮಗಳ ಮೇಜಿನ ಮೇಲೆ ನಾಲ್ಕು ಹಾಳೆ ಹರಡಿದ. ತ್ರಿಭುಜ, ದೀಪ, ಮತ್ತೆ ತ್ರಿಭುಜ. ಬೇರೆ ಮೇಷ್ಟ್ರುಗಳೂ ಬಗ್ಗಿ ನೋಡಿದರು.

ಅರುಣಾಳಿಗೆ ಮುಜುಗರವಾಯಿತು. "ಅಪ್ಪಾ, ಎಂಎಸ್ಸಿಯಲ್ಲಿ ನಾವು ಇದಕ್ಕೆ ಒಂದು ಟರ್ಮ್ ಪೂರ್ತಿ ಒದ್ದಾಡಿದೀವಿ. ನೀನು ಪೈಥಾಗೊರಸ್ ಇಟ್ಕೊಂಡು ಹೊರಟಿದ್ದೀಯಲ್ಲ, ಚಮಚ ಹಿಡ್ಕೊಂಡು ಬಾವಿ ತೋಡೋಕೆ ಹೋದ ಹಾಗೆ," ಎಂದು ನಕ್ಕಳು. ಎಲ್ಲರೂ ನಕ್ಕರು. ರೇವಣಸಿದ್ದಪ್ಪನೂ ನಕ್ಕ. ಹಾಳೆಗಳನ್ನು ಜೋಡಿಸಿ ಜೇಬಿಗಿಟ್ಟುಕೊಂಡು, ಎಲ್ಲರಿಗೂ ಚಹಾ ತರಿಸಿ, ಮಾದಿಹಳ್ಳಿಯ ಬಸ್ಸು ಹತ್ತಿ ಹೋದ. ಆಮೇಲೆ ಮಗಳ ಹತ್ತಿರ ಗಣಿತದ ಮಾತು ಎತ್ತಲಿಲ್ಲ. ಬಂದಾಗ ಮಳೆ ಬೆಳೆ, ಮೊಮ್ಮಕ್ಕಳ ಕೆಮ್ಮು, ಕಾಯಿ ರೇಟು, ಇಷ್ಟೇ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಏಳೆಂಟು ವರ್ಷದ ಹಿಂದೆ ಒಂದು ತರಬೇತಿಯಲ್ಲಿ, ಈ ಮೊತ್ತಕ್ಕೆ ಶಾಲೆಯ ಗಣಿತದಲ್ಲೇ ಸಾಧನೆಗಳಿವೆ ಎಂದು ಯಾರೋ ಹೇಳಿದ್ದನ್ನು ಅರುಣಾ ಕೇಳಿದ್ದಳು. ಊರಿಗೆ ಹೋದಾಗ ಅಪ್ಪನಿಗೆ ಹೇಳಬೇಕೆಂದುಕೊಂಡಳು. ಹೇಳಿದರೆ ಕ್ಷಮೆಯನ್ನೂ ಕೇಳಬೇಕಾಗುತ್ತದೆ. ಹೇಳಲಿಲ್ಲ.

*

"ಅರ್ಧ ಗಂಟೆ ಕಣವ್ವ. ಅಷ್ಟರಲ್ಲಿ ಹೇಳ್ಬಿಡು, ಬುಕ್ಕು ಒಳಗೋ ಹೊರಗೋ," ಎಂದು ಜಯದೇವಪ್ಪ ಜಗಲಿಯ ಮೆಟ್ಟಿಲಲ್ಲಿ ನಿಂತು ಕೇಳಿದ. "ಅಣ್ಣ ಏನೋ ಹೇಳಿದ್ದು ಸರಿ, ಆದ್ರೆ ಅಯ್ಯನೋರು ಕಾಯ್ತಾವ್ರೆ."

"ಒಂದು ಕಡೆ ಸಿಕ್ಕಿ ಹಾಕ್ಕೊಂಡಿದೀನಿ ಚಿಕ್ಕಪ್ಪ."

"ತಪ್ಪೈತಾ?"

"ಗೊತ್ತಾಗ್ತಿಲ್ಲ."

ಕುರ್ಚಿಯ ಇನ್ನೊಂದು ಪಕ್ಕದಲ್ಲಿ ಮರಿಯಣ್ಣ ಕುಳಿತಿದ್ದ. ರೇವಣಸಿದ್ದಪ್ಪನ ಜೊತೆ ಮೂವತ್ತು ವರ್ಷ ಅದೇ ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದವನು. ಬೆಳಗಿನ ಬಸ್ಸಿಗೇ ಬಂದು, ಗೆಳೆಯನ ಹೆಗಲ ಮೇಲಿನ ಶಾಲು ಜಾರಿದಾಗಲೆಲ್ಲ ಸರಿಮಾಡುವುದನ್ನು ಕೆಲಸ ಮಾಡಿಕೊಂಡಿದ್ದ. ಅರುಣಾ ಅವನ ಕಡೆ ತಿರುಗಿದಳು. ಕೇಳುವುದಕ್ಕೆ ಬೇರೆ ಯಾರೂ ಇರಲಿಲ್ಲ.

"ಮರಿಯಣ್ಣ, ಎದುರು ದಡದಲ್ಲಿ ತುಂಬಾ ದೀಪ ಇದೆ ಅಂತಿಟ್ಕೊಳ್ಳಿ. ದಡ ದೂರ ಹೋಗ್ತಾ ಇದೆ, ದೀಪಗಳೂ ಜಾಸ್ತಿ ಆಗ್ತಾ ಇವೆ. ಬೆಳಕು ಏನಾಗುತ್ತೆ?"

ಮರಿಯಣ್ಣ ಆ ದಿನ ಮೊದಲ ಬಾರಿಗೆ ನಕ್ಕ. "ಇದು ನಿಮ್ಮಪ್ಪನ ಇಂಟರ್‌ವ್ಯೂ ಕಣವ್ವ! ಹೊಸಬ ಯಾವನೇ ಡ್ಯೂಟಿಗೆ ಬರ್ಲಿ, ಇದೇ ಕೇಳೋನು. ಇಲ್ಲೊಂದು ದೀಪ ಐತೆ. ಎರಡರಷ್ಟು ದೂರದಲ್ಲಿ ಎಷ್ಟು ದೀಪ ಇಟ್ರೆ ಇದಕ್ಕೆ ಸಮ? ಎಲ್ರೂ ಎರಡು ಅನ್ನೋರು. ಎರಡಿಟ್ರೆ ಅರ್ಧಾನೇ ಬರೋದು ಕಣ್ಲಾ, ನಾಲ್ಕು ಬೇಕು ಅನ್ನೋನು. ನಾನೂ ಎರಡು ಅಂದಿದ್ದೆ. ವರ್ಷಗಟ್ಟಲೆ ರೇಗಿಸ್ದ."

"ಎರಡಿಟ್ಟರೆ ಅರ್ಧ," ಎಂದು ಅರುಣಾ ಮೆಲ್ಲಗೆ ಹೇಳಿಕೊಂಡಳು.

ಕೆರೆ ಹಿಗ್ಗಿದಾಗ ದೂರ ಎರಡು ಪಟ್ಟು, ದೀಪವೂ ಎರಡು ಪಟ್ಟು. ಪ್ರತಿ ದೀಪ ಕಾಲಾಗುತ್ತದೆ, ದೀಪಗಳು ಎರಡಾಗುತ್ತವೆ, ಒಟ್ಟು ಬೆಳಕು ಅರ್ಧ. ಮತ್ತೆ ಹಿಗ್ಗಿದರೆ ಅರ್ಧದಲ್ಲಿ ಅರ್ಧ. ಎದುರು ದಡ ತಾನಾಗಿಯೇ ಕತ್ತಲಾಗುತ್ತ ಹೋಗುತ್ತದೆ! ನಡುವಿನ ದೀಪಗಳಿಗೂ ಅಂಥದೇ ಒಂದು ಹೋಲಿಕೆ ಸಾಕು. ನೀರಿನ ಮೇಲಿನ ನೇರ ದೂರ ಏರಿಯ ಮೇಲಿನ ದೂರದ ಅರ್ಧಕ್ಕಿಂತ ಎಂದೂ ಕಡಿಮೆಯಾಗದು, ಆದ್ದರಿಂದ ಬೆಳಕು ನೆಟ್ಟಗಿನ ಹಳಿಯ ಮೇಲಿದ್ದಾಗಿನ ನಾಲ್ಕು ಪಟ್ಟಿಗಿಂತ ಮೇಲೆ ಹೋಗದು. ಹುಡುಕಿದಷ್ಟೂ ಎಲ್ಲೂ ತೂತಿರಲಿಲ್ಲ. ಅಪ್ಪ ಆ ಸಾಲು ಮರೆತದ್ದಲ್ಲ. ಸ್ಟೇಷನ್ನಿನ ಹೊಸಬರಿಗೆಲ್ಲ ಗೊತ್ತಿರುವ ಮಾತನ್ನು ಎಂಎಸ್ಸಿ ಓದಿದ ಮಗಳಿಗೆ ಬಿಡಿಸಿ ಬರೆಯಬೇಕೆಂದು ಅವನಿಗೆ ಅನ್ನಿಸಿಲ್ಲ, ಅಷ್ಟೆ.

ಅವಳು ತಾಯಿಯನ್ನು ಹುಡುಕಿಕೊಂಡು ಒಳಗೆ ಹೋದಳು. ವಿಶಾಲಮ್ಮ ಬಿಲ್ವಪತ್ರೆಯ ಬುಟ್ಟಿ ಮುಂದಿಟ್ಟುಕೊಂಡು ಕುಳಿತಿದ್ದಳು.

"ಅಮ್ಮ, ತಪ್ಪಿಲ್ಲ. ಒಂದೂ ತಪ್ಪಿಲ್ಲ."

"ನೋಡ್ದೇನು ಸರಿಯಾಗಿ? ಅಪ್ಪನ ಮೇಲಿನ ಪ್ರೀತಿಗೆ ಹೇಳ್ಬೇಡ."

"ಪ್ರೀತಿಗಲ್ಲಮ್ಮ. ತಪ್ಪು ಸಿಗಲಿ ಅಂತಾನೇ ಹುಡುಕಿದೆ." ಅವಳು ಬುಟ್ಟಿಯ ಪಕ್ಕದಲ್ಲಿ ಕುಳಿತಳು. "ಅವತ್ತು ಎಲ್ಲರ ಮುಂದೆ ನಕ್ಕುಬಿಟ್ಟೆ. ಆಮೇಲೆ ಗೊತ್ತಾದ್ರೂ ಹೇಳಲಿಲ್ಲ. ಒಂದು ಮಾತು ಹೇಳಿದ್ರೆ ಆಗ್ತಿತ್ತು."

ವಿಶಾಲಮ್ಮ ಮಗಳನ್ನು ಸಮಾಧಾನ ಮಾಡಲಿಲ್ಲ. "ಹೂಂ, ಹೇಳ್ಬೇಕಿತ್ತು," ಎಂದಷ್ಟೇ ಅಂದು, ಬುಟ್ಟಿಯನ್ನು ಅವಳ ಕೈಗೆ ಕೊಟ್ಟು ಎದ್ದಳು.

*

ಅಗೆದು ಸರಿಪಡಿಸಿದ ಗುಂಡಿಯಲ್ಲಿ ರೇವಣಸಿದ್ದಪ್ಪನನ್ನು ಹಗ್ಗ ಹಿಡಿದು ಇಳಿಸಿ, ಮುಂದಿನ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂರಿಸಿದರು. ಅಯ್ಯನವರು ಮಂತ್ರ ಹೇಳಿದರು. ವಿಭೂತಿ, ಪತ್ರೆ, ಆಮೇಲೆ ಮಣ್ಣು. ನೋಟ್‌ಬುಕ್ಕನ್ನು ಅರುಣಾ ಸೆರಗಿನೊಳಗೆ ಅವುಚಿ ಹಿಡಿದಿದ್ದಳು. ಉಮೇಶ ದಿಬ್ಬ ತಟ್ಟಿ ಗುಂಡಗೆ ಮಾಡಿದ. ಹೊತ್ತು ಇನ್ನೂ ಮರಗಳ ನಡುವೆ ಒಂದಾಳೆತ್ತರ ಇತ್ತು. ಜನ ಕಾಲು ತೊಳೆಯಲು ಪಂಪಿನ ಕಡೆ ಹೊರಟರು.

ವಿಶಾಲಮ್ಮ ಹೊರಡಲಿಲ್ಲ.

"ಅಲ್ಲ ಕಣೇ, ಮೂವತ್ತೈದು ವರ್ಷ ಏನು ಬರೀತಿದ್ರು ಅಂತ ನಾನು ಒಂದಿನ ಕೇಳ್ಲಿಲ್ಲ," ಎಂದಳು. "ನನಗೆ ಅರ್ಥ ಆಗಲ್ಲ ಅಂತ ಅವರೂ ಹೇಳ್ಲಿಲ್ಲ. ಅರ್ಥ ಆಗೋ ಅಂಥದ್ದೇನಾದ್ರೂ ಇದ್ರೆ ಹೇಳು."

ಅರುಣಾ ಕಡ್ಡಿಯಿಂದ ನೆಲದ ಮೇಲೆ ಒಂದು ವೃತ್ತ ಎಳೆದಳು. "ಇದು ಕೆರೆ. ನೋಡೋನು ಈ ದಡದಲ್ಲಿ ನಿಂತಿರ್ತಾನೆ. ಎದುರಿಗೊಂದು ದೀಪ."

"ಇಷ್ಟು ಚಿಕ್ಕದು ನನ್ನ ಕಣ್ಣಿಗೆ ಕಾಣಲ್ಲ ಕಣೇ. ದೊಡ್ಡದಾಗಿ ತೋರ್ಸು."

ಅರುಣಾ ಸುತ್ತ ನೋಡಿದಳು. ಆಮೇಲೆ ಅಪ್ಪನ ದಿಬ್ಬವನ್ನೇ ತೋರಿಸಿದಳು. "ನೋಡೋನು ಇಲ್ಲಿದಾನೆ ಅಂತಿಟ್ಕೋ. ಮರಿಯಣ್ಣ, ನೀವು ದೀಪ. ಮೂರು ಹೆಜ್ಜೆ ಹಿಂದೆ ಹೋಗಿ, ಅಪ್ಪನ ಕಡೆ ಮುಖ ಮಾಡಿ ನಿಂತ್ಕೊಳ್ಳಿ."

ಮರಿಯಣ್ಣ ಹೆಜ್ಜೆ ಎಣಿಸಿಕೊಂಡು ಹೋಗಿ ನಿಂತ.

"ಈಗ ಕೆರೆ ದೊಡ್ಡದಾಯ್ತು. ಒಂದು ದೀಪದ ಬದಲಿಗೆ ಎರಡು. ಅಮ್ಮ, ನೀನು ಎಡಕ್ಕೆ ಹೋಗು. ಉಮೇಶ, ನೀನು ಬಲಕ್ಕೆ. ಮರಿಯಣ್ಣ ಈಗ ಕೆರೆಯ ಮಧ್ಯ, ಅಳತೆಗೆ ಅವರು ಆ ಹಗ್ಗದ ತುದಿ ಹಿಡ್ಕೋತಾರೆ. ಬೆಳಕು ಮೊದಲಿನಷ್ಟೇ."

"ಆಮೇಲೆ?" ಎಂದಳು ವಿಶಾಲಮ್ಮ.

ಆಮೇಲೆ ನಾಲ್ವರು ಬೇಕಾದರು. ಕಾಲು ತೊಳೆಯಲು ಹೋದವರಲ್ಲಿ ಇಬ್ಬರು, ಇದೇನು ನಡೀತಿದೆ ಎಂದು ತಿರುಗಿ ಬಂದವರು ಸಿಕ್ಕಿಕೊಂಡರು. ಹಗ್ಗ ಎರಡರಷ್ಟಾಯಿತು. ಎಂಟು ಜನ ಆಗುವಾಗ ಏರಿ ತೆಂಗಿನ ಸಾಲಿನೊಳಗೆ ಹೋಗಿತ್ತು. ಒಬ್ಬೊಬ್ಬರೂ ಹಿಂದೆ ಹಿಂದೆ ನಡೆದು, ಮರಕ್ಕೆ ಬೆನ್ನು ತಾಗಿಸಿ, ದಿಬ್ಬದ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಕಾಲು ತೊಳೆಯುವುದು ಅಲ್ಲಿಗೇ ನಿಂತಿತು.

"ಇನ್ನೊಂದು ಸಲ ದೊಡ್ಡದು ಮಾಡು," ಎಂದಳು ವಿಶಾಲಮ್ಮ ದೂರದಿಂದ. "ಬೆಳಕು ಅಷ್ಟೇ ಇರುತ್ತಾ?"

"ಅಷ್ಟೇ ಇರುತ್ತಮ್ಮ!"

ಹದಿನಾರು ಬೇಕಿತ್ತು. ಜಯದೇವಪ್ಪ ತಾನು ನಿಂತಲ್ಲಿಂದಲೇ ಬೆರಳು ಮಾಡಿ ಎಣಿಸಿದ. ಎರಡು ಸಲ ಎಣಿಸಿದ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ದಾರಿಯ ಕಡೆಗೆ ಕೂಗಿದ:

"ಅಯ್ಯನೋರೇ, ಹೋಗ್ಬ್ಯಾಡಿ! ಒಂದು ದೀಪ ಕಮ್ಮಿ ಬಿದ್ದೈತೆ!"

ಅಯ್ಯನವರು ಹತ್ತಲಿದ್ದ ಸ್ಕೂಟರನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದರು. ಪಂಚೆ ಮೇಲೆತ್ತಿ ಕಟ್ಟಿ, ಎಲ್ಲರಿಗಿಂತ ದೂರದ ಬೇಲಿಯವರೆಗೆ ನಡೆದು ಹೋಗಿ, ಮೆಲ್ಲಗೆ ಈಚೆ ತಿರುಗಿ ನಿಂತರು.